ತಾಮ್ರಕ್ಕೆ ಇಳಿಸುವ ಮುನ್ನ: ಮನೆಯಲ್ಲೇ ಪಿಸಿಬಿ ನಕ್ಷೆ ಸಿದ್ಧಪಡಿಸುವ ಬಗೆ

ಕಲಬುರಗಿಯ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕ್ ತುಂಬಿ ನೀರು ಹರಿದುಹೋಗುವುದನ್ನು ಯಾರೂ ಸಹಿಸುವುದಿಲ್ಲ. ಟ್ಯಾಂಕ್ ತುಂಬಿದೊಡನೆ ಬಜರ್ ಕೂಗುವಂತೆ ಮಾಡಲು ಎಂಟು ಕಾಲಿನ 555 ಐಸಿ, ಒಂದು ಟ್ರಾನ್ಸಿಸ್ಟರ್ ಹಾಗೂ ಕೆಲವು ರೆಸಿಸ್ಟರ್‌ಗಳು ಸಾಕು. ಇಂತಹ ಸಣ್ಣ ಸರ್ಕಿಟ್‌ಗೆ ಬೇಕಾದ ಬೋರ್ಡನ್ನು, ಅಂದರೆ ಬಿಡಿಭಾಗಗಳನ್ನು ತಾಮ್ರದ ಗೆರೆಗಳಿಂದ ಜೋಡಿಸುವ ಪಿಸಿಬಿಯನ್ನು, ಮನೆಯಲ್ಲೇ ಎಚಿಂಗ್ ಮಾಡಿಕೊಳ್ಳಬಹುದು. ನಕ್ಷೆಯನ್ನು ಲೇಸರ್ ಪ್ರಿಂಟರಿನ ಟೋನರ್ ಪುಡಿಯಲ್ಲಿ ಕಾಗದಕ್ಕೆ ಮುದ್ರಿಸಿ, ಇಸ್ತ್ರಿಯ ಬಿಸಿಯಿಂದ ಅದನ್ನು ಬೋರ್ಡಿನ ತಾಮ್ರಕ್ಕೆ ಇಳಿಸಿ, ಟೋನರ್ ಮುಚ್ಚದ ತಾಮ್ರವನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಿಸುವುದೇ ಈ ಕ್ರಮ. ಬೋರ್ಡ್ ಕೆಟ್ಟಾಗ ಹೆಚ್ಚಿನವರು ಫೆರಿಕ್ ಕ್ಲೋರೈಡನ್ನು ದೂರುತ್ತಾರೆ, ಆದರೆ ತಪ್ಪು ಬಹುತೇಕ ನಕ್ಷೆಯಲ್ಲಿಯೇ ಇರುತ್ತದೆ. ಬೀದರಿನ ಬಿದ್ರಿ ಕುಶಲಕರ್ಮಿಯೂ ಮೈಲುತುತ್ತದ ದ್ರಾವಣದಿಂದ ಲೋಹವನ್ನು ಕಪ್ಪಾಗಿಸಿ, ಅದರ ಮೇಲೆ ಗೆರೆ ಎಳೆದುಕೊಂಡ ನಂತರವೇ ಉಳಿ ಹಿಡಿಯುತ್ತಾನೆ. ಆತನ ಕೈ ನಡುವೆ ಒಂದಿಷ್ಟು ತಿದ್ದಿಕೊಳ್ಳಬಲ್ಲದು. ನಮ್ಮ ದ್ರಾವಣಕ್ಕೆ ಆ ವಿವೇಚನೆ ಇಲ್ಲ.

ನಕ್ಷೆ ಬಿಡಿಸಲು ಉಚಿತವಾಗಿ ದೊರೆಯುವ ಕೈಕ್ಯಾಡ್ ತಂತ್ರಾಂಶ ಸಾಕು. ಐಸಿಯ ಕಾಲುಗಳ ನಡುವಿನ ಅಂತರ 2.54 ಮಿ.ಮೀ. ಆಗಿರುವುದರಿಂದ ಗ್ರಿಡ್ಡನ್ನು ಅಷ್ಟಕ್ಕೆ ಅಥವಾ ಅದರ ಅರ್ಧಕ್ಕೆ ಇಟ್ಟುಕೊಂಡು ಬಿಡಿಭಾಗಗಳನ್ನು ಜೋಡಿಸಬೇಕು. ಕಾರ್ಖಾನೆಯ ಬೋರ್ಡ್‌ನಲ್ಲಿ ಕೂದಲೆಳೆಯಂತಹ ಟ್ರ್ಯಾಕ್ (ತಾಮ್ರದ ಗೆರೆ) ಕಂಡು ಮನೆಯಲ್ಲೂ ಅದನ್ನೇ ಎಳೆಯಹೊರಟರೆ ಟೋನರ್ ಅಲ್ಲಲ್ಲಿ ಕಿತ್ತುಬರುತ್ತದೆ. ಟ್ರ್ಯಾಕ್ 0.8ರಿಂದ 1 ಮಿ.ಮೀ. ಅಗಲವಿರಲಿ, ಎರಡರ ನಡುವೆ ಕನಿಷ್ಠ ಅರ್ಧ ಮಿ.ಮೀ. ಜಾಗವಿರಲಿ. ಐಸಿಗೆ ಉದ್ದನೆಯ ಅಂಡಾಕಾರದ ಪ್ಯಾಡ್ (ಕಾಲನ್ನು ಬೆಸೆಯುವ ತಾಮ್ರದ ಚುಕ್ಕೆ) ಆರಿಸಿದರೆ ಡ್ರಿಲ್ ಸ್ವಲ್ಪ ಸರಿದರೂ ಬೆಸುಗೆಗೆ ತಾಮ್ರ ಉಳಿಯುತ್ತದೆ. ಐಸಿಯ ಎರಡು ಕಾಲುಗಳ ನಡುವೆ ಟ್ರ್ಯಾಕ್ ತೂರಿಸುವ ಆಸೆ ಬೇಡ. ಟ್ರ್ಯಾಕ್‌ಗಳನ್ನು ದಾಟಿ ಎರಡು ಬಿಂದುಗಳನ್ನು ಸೇರಿಸುವ ಒಂದು ಜಂಪರ್ ತಂತಿ ಹಾಕುವುದರಲ್ಲಿ ಅವಮಾನವೇನೂ ಇಲ್ಲ.

ಪ್ಯಾಡ್‌ನ ರಂಧ್ರವನ್ನು ಪೂರ್ಣ ಗಾತ್ರದಲ್ಲಿ ಮುದ್ರಿಸದೆ ಚಿಕ್ಕ ಗುರುತಾಗಿ ಮಾತ್ರ ಮುದ್ರಿಸುವ ಆಯ್ಕೆ ತಂತ್ರಾಂಶದಲ್ಲಿದೆ. ಎಚಿಂಗ್ ಮುಗಿದ ಮೇಲೆ ಆ ಚುಕ್ಕೆಯಲ್ಲಿ ಉಂಟಾಗುವ ಕುಳಿಯೇ ಡ್ರಿಲ್‌ನ ತುದಿಯನ್ನು ಹಿಡಿದು ನಿಲ್ಲಿಸುತ್ತದೆ. ಖಾಲಿ ಜಾಗವನ್ನೆಲ್ಲ ಗ್ರೌಂಡ್‌ಗೆ ಸೇರಿದ ತಾಮ್ರದಿಂದ ತುಂಬಿಸಿದರೆ ಕರಗಬೇಕಾದ ತಾಮ್ರವೂ ಖರ್ಚಾಗುವ ದ್ರಾವಣವೂ ಕಡಿಮೆಯಾಗುತ್ತವೆ.

ಇನ್ನು ಎಲ್ಲರೂ ಎಡವುವ ಜಾಗ. ತಂತ್ರಾಂಶವು ಬೋರ್ಡನ್ನು ಸಾಮಾನ್ಯವಾಗಿ ಮೇಲಿನಿಂದ, ಗಾಜಿನ ಮೂಲಕ ನೋಡಿದಂತೆ ತೋರಿಸುತ್ತದೆ. ಆದ್ದರಿಂದ ಕೆಳಪದರದ, ಅಂದರೆ ಬಿಡಿಭಾಗಗಳು ಕೂರುವ ಬದಿಯ ಹಿಂಬದಿಯ ತಾಮ್ರವನ್ನು ತೆರೆಯಲ್ಲಿ ಕಂಡಂತೆಯೇ, ಮಿರರ್ ಮಾಡದೆ (ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸದೆ) ಮುದ್ರಿಸಬೇಕು. ಕಾಗದವನ್ನು ತಾಮ್ರದ ಮೇಲೆ ಬೋರಲು ಹಾಕಿ ಇಸ್ತ್ರಿ ಮಾಡುವಾಗ ಅದು ತಾನೇ ಒಮ್ಮೆ ತಿರುಗುತ್ತದೆ. ಮೇಲ್ಪದರಕ್ಕಾದರೆ ಮಿರರ್ ಬೇಕು. ಗೊಂದಲ ತಪ್ಪಿಸಲು ಕೆಳಪದರದ ತಾಮ್ರದಲ್ಲಿ ಎರಡು ಅಕ್ಷರಗಳನ್ನು ತೆರೆಯ ಮೇಲೆ ತಿರುಗುಮುರುಗಾಗಿ ಕಾಣುವಂತೆ ಬರೆದಿಡಿ. ಕಾಗದದಲ್ಲೂ ಅವು ತಿರುಗುಮುರುಗಾಗಿದ್ದರೆ ಸರಿ, ನೇರವಾಗಿ ಓದಲು ಬಂದರೆ ಮುದ್ರಣ ತಪ್ಪಿದೆ. ರೆಸಿಸ್ಟರ್‌ಗಳು ಈ ತಪ್ಪನ್ನು ಕ್ಷಮಿಸುತ್ತವೆ, ಆದರೆ ಐಸಿಯನ್ನು ಹೇಗೆ ತಿರುಗಿಸಿದರೂ ಕಾಲುಗಳ ಕ್ರಮ ಹೊಂದುವುದಿಲ್ಲ. ತಾಮ್ರದ ಬದಿಯಲ್ಲೇ ಕೂರಿಸಿ ಬೆಸೆಯುವುದೊಂದೇ ದಾರಿ.

ಮುದ್ರಣಕ್ಕೆ ಲೇಸರ್ ಪ್ರಿಂಟರ್ ಆಗಬೇಕು, ಇಂಕ್‌ಜೆಟ್ ನಡೆಯದು. ಜೆರಾಕ್ಸ್ ಅಂಗಡಿಗೆ ಪಿಡಿಎಫ್ ಒಯ್ದಾಗ ಗಾತ್ರ ನೂರಕ್ಕೆ ನೂರು ಇರುವಂತೆ ಎದುರಿಗೆ ನಿಂತೇ ಹೇಳಿ ಮಾಡಿಸಬೇಕು. ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ಸದ್ದಿಲ್ಲದೆ ನಕ್ಷೆಯನ್ನು ಕುಗ್ಗಿಸಿಬಿಡುತ್ತದೆ. ನಾನು ಒಮ್ಮೆ ಎಂಟು ಕಾಲಿನ ಐಸಿಯನ್ನು ಕಾಗದದ ಮೇಲಿಟ್ಟು ನೋಡಿ ಸರಿಯಿದೆಯೆಂದು ಮುಂದುವರಿದು, ನಲವತ್ತು ಕಾಲಿನ ಐಸಿ ಕೂರದೆ ಇಡೀ ಬೋರ್ಡನ್ನು ಎಸೆದಿದ್ದೇನೆ. ಶೇ 3ರಷ್ಟು ಕುಗ್ಗಿದಾಗ ಎಂಟು ಕಾಲಿನದರಲ್ಲಿ ಬರುವ ವ್ಯತ್ಯಾಸ ಕಾಲು ಮಿ.ಮೀ.ಗಿಂತ ಕಡಿಮೆ, ಕಣ್ಣಿಗೆ ಕಾಣದು. ತುದಿಯಿಂದ ತುದಿಗೆ 48.26 ಮಿ.ಮೀ. ಇರುವ ನಲವತ್ತು ಕಾಲಿನದರಲ್ಲಿ ಅದು ಸುಮಾರು ಒಂದೂವರೆ ಮಿ.ಮೀ. ಹಾಗಾಗಿ ಪರೀಕ್ಷೆಗೆ ಅತಿ ಉದ್ದದ ಭಾಗವನ್ನೇ ಇಟ್ಟು ನೋಡಬೇಕು. ಚಿಕ್ಕ ಬೋರ್ಡಾದರೆ ನಕ್ಷೆಯ ಹೊರಗೆ 50 ಮಿ.ಮೀ. ಗೆರೆಯೊಂದನ್ನು ಹಾಕಿ ಅಳೆಯಬಹುದು.

ನುಣುಪು ಕಾಗದದಲ್ಲಿ ಒಂದೇ ಹಾಳೆಗೆ ಎರಡು ಪ್ರತಿ ತೆಗೆಸಿ, ಸುತ್ತಲೂ ಎರಡು ಸೆಂ.ಮೀ. ಅಂಚು ಬಿಡಿ. ಆ ಅಂಚನ್ನು ಬೋರ್ಡ್‌ನ ಹಿಂಬದಿಗೆ ಮಡಚಿ ಅಂಟಿಸಿದರೆ ಇಸ್ತ್ರಿಯಡಿ ಕಾಗದ ಸರಿಯುವುದಿಲ್ಲ. ಮುದ್ರಣವಾದ ಮುಖವನ್ನು ಬೆರಳಿನಿಂದ ಮುಟ್ಟದೆ, ಹಾಳೆಯನ್ನು ಮಡಚದೆ ಮನೆಗೆ ತನ್ನಿ.