ಸರ್ವರ್ ನಿಂತಾಗ ಸಿಬ್ಬಂದಿ ಕೈಗೆ ಏನು ಕೊಡಬೇಕು?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾಗ ಒಂದು ಬೆಳಿಗ್ಗೆ ಸರ್ವರ್ ನಿಂತಿತು. ಹನ್ನೊಂದು ಗಂಟೆಗೆಲ್ಲ ಎರಡು ಸುತ್ತು ಚಹಾ ಆಗಿತ್ತು. ಕಚೇರಿಯ ಅರ್ಧ ಜನ ಮೊಬೈಲ್‌ನಲ್ಲಿ ಮುಳುಗಿದ್ದರು. ಉಳಿದವರು ಕಂಪ್ಯೂಟರ್ ರಿಪೇರಿಯ ಹುಡುಗನ ಬೆನ್ನ ಹಿಂದೆ ನಿಂತು ‘ಆಯಿತೇನಪ್ಪಾ?’ ಎಂದು ಕೇಳುತ್ತಿದ್ದರು. ಗೋಡೆಯಾಚೆ ಕುಲುಮೆ ತನ್ನ ಪಾಡಿಗೆ ಕಬ್ಬಿಣ ಕರಗಿಸುತ್ತಿತ್ತು. ಕರಗಿದ ಕಬ್ಬಿಣಕ್ಕೆ ಸರ್ವರಿನ ಹಂಗಿಲ್ಲ. ಅಂದು ಸುರಿದ ಎರಕಗಳ ಹೀಟ್ ನಂಬರನ್ನು, ಅಂದರೆ ಯಾವ ಸಲ ಕರಗಿಸಿದ ಕಬ್ಬಿಣವೆಂದು ತಿಳಿಸುವ ಸಂಖ್ಯೆಯನ್ನು, ಆಮೇಲೆ ಕಂಪ್ಯೂಟರಿಗೆ ಹಾಕಿದರಾಯಿತೆಂದು ಯಾರೂ ಬರೆದಿಡಲಿಲ್ಲ. ಯಾವ ಎರಕ ಯಾವ ಹೀಟಿನದೆಂದು ಹೇಳಲಾಗದೆ ಇಡೀ ಲಾಟ್ ಗಿರಾಕಿಯಿಂದ ವಾಪಸು ಬಂತು.

ಅಂಥ ದಿನ ನಿಭಾಯಿಸುವ ಕ್ರಮ ಹೀಗೆ.

ಮೊದಲು ಬೋರ್ಡಿನ ಮೇಲೆ ಬರೆಯಿರಿ. ‘ಐದು ನಿಮಿಷದಲ್ಲಿ ಬರುತ್ತದೆ’ ಎಂಬ ಮಾತೇ ಜನರನ್ನು ಕುರ್ಚಿಗೆ ಕಟ್ಟಿಹಾಕುತ್ತದೆ. ಕಾಲು ಗಂಟೆ ಕಳೆದರೂ ಸರಿಹೋಗದಿದ್ದರೆ ಏನು ನಿಂತಿದೆ, ಏನು ನಡೆಯುತ್ತಿದೆ, ಮುಂದಿನ ಸುದ್ದಿ ಎಷ್ಟು ಗಂಟೆಗೆ ಎಂಬ ಮೂರು ಸಾಲು ಬರೆದು ಹಾಕಿ. ಹೇಳಿದ ಗಂಟೆಗೆ ಹೊಸದೇನೂ ಇಲ್ಲದಿದ್ದರೆ ‘ಹೊಸದೇನೂ ಇಲ್ಲ’ ಎಂದೇ ಬರೆಯಿರಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್ ಒಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡಿಸಿತು. ಎಷ್ಟೋ ಕಡೆ ಒಂದೊಂದು ಯಂತ್ರದ ಮುಂದೆಯೂ ಕುಳಿತು ಸರಿಮಾಡಬೇಕಾಯಿತು. ಐದು ನಿಮಿಷದ ಮಾತು ಕೊಡುವ ಮುನ್ನ ಆ ದಿನವನ್ನು ನೆನೆಸಿಕೊಳ್ಳಬಹುದು.

ರಿಪೇರಿಯವನನ್ನು ಕಾಪಾಡಿ. ಅವನೊಡನೆ ಮಾತನಾಡಲು ಒಬ್ಬರು ಸಾಕು. ಮಾಲೀಕರಿಗೂ ಇದೇ ನಿಯಮ.

ಕಾಗದ ಹೊರತೆಗೆಯಿರಿ. ಆ ಕ್ರೌಡ್‌ಸ್ಟ್ರೈಕ್ ದಿನ ನಮ್ಮ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು, ವಿಮಾನ ಹಾರಿತು. ಹಾಜರಿ ಪುಸ್ತಕ, ಗೇಟ್ ರಿಜಿಸ್ಟರ್, ಕಾರ್ಬನ್ ಹಾಳೆಯ ಚಲನ್ ಪುಸ್ತಕ ಒಂದೇ ಡ್ರಾಯರಿನಲ್ಲಿರಲಿ. ಕಾರ್ಬನ್ ಹಾಳೆಯ ಯಾವ ಮಗ್ಗುಲು ಕೆಳಗೆ ಬರಬೇಕೆಂದು ಈಗಿನ ಹುಡುಗರಿಗೆ ತೋರಿಸಬೇಕಾಗುತ್ತದೆ, ನಗಬೇಡಿ. ಫೌಂಡ್ರಿಯಾದರೆ ಕುಲುಮೆಯ ಪಕ್ಕಕ್ಕೆ ಕಚೇರಿಯ ಒಬ್ಬರನ್ನು ಕಳಿಸಿ. ಹೀಟ್ ನಂಬರ್, ಪ್ಯಾಟರ್ನ್ (ಅಚ್ಚು ತೆಗೆಯುವ ಮಾದರಿ) ನಂಬರ್, ಸುರಿದ ಸಮಯ, ಎಷ್ಟು ಅಚ್ಚು ಎಂಬುದನ್ನು ಅವರು ರಿಜಿಸ್ಟರಿಗೆ ಇಳಿಸಲಿ.

ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಸಾಮಾನ್ಯವಾಗಿ ಇ-ವೇ ಬಿಲ್, ಅಂದರೆ ಸರಕು ಸಾಗಣೆಗೆ ಜಿಎಸ್‌ಟಿಯ ಆನ್‌ಲೈನ್ ಚೀಟಿ, ಬೇಕು; ಅದಿಲ್ಲದೆ ಲಾರಿ ಬಿಡುವ ಹಾಗಿಲ್ಲ. ಕೆಟ್ಟಿರುವುದು ನಿಮ್ಮ ಸರ್ವರ್ ಮಾತ್ರವಾದರೆ ಮೊಬೈಲ್ ಇಂಟರ್ನೆಟ್‌ನಿಂದಲೇ ಬಿಲ್ ತೆಗೆಯಬಹುದು. ಸರ್ಕಾರದ ಪೋರ್ಟಲ್ಲೇ ಕೈಕೊಟ್ಟರೆ, 2025ರ ಜುಲೈ 1ರಿಂದ ಎರಡನೆಯ ಪೋರ್ಟಲ್ ಇದೆ. ಇಂಟರ್ನೆಟ್ಟೇ ಸಿಗದಿದ್ದರೆ ಎಸ್ಸೆಮ್ಮೆಸ್ ಮೂಲಕವೂ ಆಗುತ್ತದೆ. ಅದಕ್ಕೆ ನಿಮ್ಮ ಮೊಬೈಲ್ ಸಂಖ್ಯೆ ಮೊದಲೇ ನೋಂದಣಿಯಾಗಿರಬೇಕು. ಅದನ್ನು ಇಂದೇ ಮಾಡಿಟ್ಟುಕೊಳ್ಳಿ.

ಉಳಿದವರಿಗೆ ನಿಜವಾದ ಕೆಲಸ ಕೊಡಿ. ಅಂತ್ಯಾಕ್ಷರಿ ಆಡಿಸಿ ಹುರುಪು ತುಂಬುತ್ತೇನೆನ್ನುವ ವ್ಯವಸ್ಥಾಪಕರು ನನಗೆ ಅರ್ಥವಾಗುವುದಿಲ್ಲ. ಕಾಲ ಕೊಲ್ಲಿಸುತ್ತಿದ್ದಾರೆಂದು ಜನರಿಗೆ ಗೊತ್ತಾಗುತ್ತದೆ. ವರ್ಷವಿಡೀ ಮುಂದೂಡಿದ ಕೆಲಸಗಳ ಪಟ್ಟಿಯೊಂದು ಗೋಡೆಯ ಮೇಲಿರಲಿ, ಆಯ್ಕೆ ಅವರದೇ ಆಗಲಿ. ಲಾಟ್ ವಾಪಸಾದ ಮೇಲೆ ನಾವೂ ಅಂಥದೊಂದು ಪಟ್ಟಿ ಮಾಡಿದೆವು. ಮುಂದಿನ ಸಲ ಸರ್ವರ್ ನಿಂತಾಗ ಬಿಲ್ಲಿಂಗ್ ವಿಭಾಗದ ಇಬ್ಬರು ಪ್ಯಾಟರ್ನ್ ಕೋಣೆ ಎಣಿಸಲು ಹೋದರು. ಸಂಜೆ ಮೈಯೆಲ್ಲ ಧೂಳಾಗಿ ಬಂದವರು, ಕಳೆದುಹೋಗಿದೆಯೆಂದು ಹೊಸದಾಗಿ ಮಾಡಿಸಿದ್ದ ಪ್ಯಾಟರ್ನ್ ಒಂದನ್ನು ಕಪಾಟಿನ ಹಿಂದಿನಿಂದ ಹೊತ್ತು ತಂದಿದ್ದರು. ಅವರ ಮುಖದಲ್ಲಿದ್ದ ಗೆಲುವನ್ನು ಯಾವ ಅಂತ್ಯಾಕ್ಷರಿಯೂ ತರುತ್ತಿರಲಿಲ್ಲ.

ಪಟ್ಟಿಯಲ್ಲಿ ಏನೂ ಉಳಿಯದಿದ್ದರೆ ಮನೆಗೆ ಕಳಿಸಿ, ಆ ದಿನದ ಸಂಬಳ ಹಿಡಿಯಬೇಡಿ.

ಸರ್ವರ್ ಬಂದ ಮೇಲೆ ಎಲ್ಲರೂ ಒಮ್ಮೆಲೇ ಮುಗಿಬೀಳುವುದು ಬೇಡ. ಒಬ್ಬರು ಚಲನ್ ಓದಲಿ, ಇನ್ನೊಬ್ಬರು ಟೈಪ್ ಮಾಡಲಿ. ಕ್ರಮಸಂಖ್ಯೆ ತಪ್ಪದಂತೆ, ಏರಿಸಿದ ಪ್ರತಿಯೊಂದಕ್ಕೂ ಕೆಂಪು ಶಾಯಿಯ ಗುರುತು ಬೀಳಲಿ. ಇದಕ್ಕಾಗಿ ಕಾರ್ಮಿಕರನ್ನು ರಾತ್ರಿಯವರೆಗೆ ಕೂರಿಸಿಕೊಂಡರೆ ಹೆಚ್ಚುವರಿ ಅವಧಿಗೆ ದುಪ್ಪಟ್ಟು ಕೂಲಿ ಕೊಡಬೇಕು. ಮಾರನೆಯ ದಿನ ಖರ್ಚಾದ ಚಲನ್ ಪುಸ್ತಕದ ಜಾಗದಲ್ಲಿ ಹೊಸದೊಂದನ್ನು ಇಟ್ಟು, ಡ್ರಾಯರಿನ ಕೀಲಿಯನ್ನು ಗೇಟಿನ ಕಾವಲುಗಾರರ ಬಳಿಯೂ ಒಂದು ಕೊಟ್ಟಿಡಿ.