ತವರಲ್ಲೇ ಉಳಿದ ತಪ್ಪಲೆ

ಅಪ್ಪ ಹೋದ ಮೇಲೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಆಗಬೇಕಿತ್ತು. ಮಧುಗಿರಿ ತಾಲ್ಲೂಕಿನ ನಮ್ಮೂರಲ್ಲಿ ಇರುವ ಎರಡೂವರೆ ಎಕರೆ ಇನ್ನೂ ತಾತನ ಹೆಸರಲ್ಲೇ ಇತ್ತು. ನಾಡಕಚೇರಿಯಲ್ಲಿ ವಂಶವೃಕ್ಷ ಕೇಳಿದರು. ತಾತನಿಂದ ಕೆಳಗೆ ಬರೆದರೆ ಸಾಕಿತ್ತು. ಅರ್ಧ ಗಂಟೆಯ ಕೆಲಸ. ಆದರೆ ತಾತನ ಮೇಲೆ ಯಾರು ಅಂತ ಬರೆಯಲು ಹೋದರೆ ನನಗೆ ಒಂದು ಹೆಸರೂ ಹೊಳೆಯಲಿಲ್ಲ. ತಲೆಯಲ್ಲಿ ಹುಳ ಬಿಟ್ಟಂತಾಯಿತು.

ಮೊದಲು ಹಿಡಿದಿದ್ದು ಜಮೀನಿನ ದಾರಿ. ಜಮೀನು ಯಾರ ಹೆಸರಲ್ಲಿದೆ ಅಂತ ತೋರಿಸುವ ಈಗಿನ ಪಹಣಿಯಿಂದ ಹೆಚ್ಚೇನೂ ಸಿಗುವುದಿಲ್ಲ. ಸರ್ವೆ ನಂಬರ್ ಕೊಟ್ಟು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಹಳೆಯ ಕೈಬರಹದ ಪಹಣಿ ಮತ್ತು ಮ್ಯುಟೇಶನ್ ನಕಲು ತೆಗೆಸಬೇಕು. ಜಮೀನು ಹೇಗೆ ಕೈ ಬದಲಾಯಿತು ಅಂತ ಅದರಲ್ಲಿ ಬರೆದಿರುತ್ತಾರೆ: ಕ್ರಯ, ವಿಭಾಗ, ಪೌತಿ. ನಮಗೆ ಬೇಕಾದ್ದು 'ಪೌತಿ'. ಅದು ಎಲ್ಲಿದೆಯೋ ಅಲ್ಲಿ ಒಂದು ತಲೆಮಾರು ಮುಗಿದಿದೆ ಅಂತ ಲೆಕ್ಕ. ನನ್ನ ಅರ್ಜಿ ಎರಡು ಸಲ ಕಳೆದುಹೋಯಿತು, ಆ ಕಥೆ ಬೇಡ. ಮೂರನೇ ಸಲ ಮುತ್ತಾತ ಸಿಕ್ಕಿದರು.

ಸಿಕ್ಕಿದ ಕೂಡಲೇ ಒಂದು ತಪ್ಪು ಮಾಡಿದೆ. ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ಒಂದೇ ಹೆಸರಿನ ಇಬ್ಬರನ್ನು ನಾನು ಒಬ್ಬರೇ ಅಂತ ಬರೆದುಕೊಂಡೆ. ನನ್ನ ಲೆಕ್ಕದಲ್ಲಿ ಆ ಪುಣ್ಯಾತ್ಮ 130 ವರ್ಷ ಬದುಕಿದ್ದರು! ಅವತ್ತಿನಿಂದ ಪ್ರತಿ ಹೆಸರಿನ ಪಕ್ಕ 'ಇಂಥವರ ಮಗ' ಅಂತ ಸೇರಿಸಿ ಬರೆಯುತ್ತೇನೆ.

ಬಿ.ಎಲ್. ರೈಸ್ ಅವರ ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನೂ ತಿರುವಿ ಹಾಕಿದೆ. 1904ರ ಪುಸ್ತಕ. ಅದರಲ್ಲಿ ಇರುವುದು ರಾಜರು, ದೇವಸ್ಥಾನಗಳು, ಕೆರೆ ಕಟ್ಟಿಸಿದವರು. ನಮ್ಮಂಥ ಒಕ್ಕಲು ಮಕ್ಕಳಿಗೆ ಯಾರು ಕಲ್ಲು ಕೆತ್ತಿಸುತ್ತಾರೆ?

ಆದರೆ ಈ ಕಾಗದಗಳಲ್ಲೆಲ್ಲ ಗಂಡಸರೇ. ಐದು ತಲೆಮಾರು ಜೋಡಿಸಿದ ಮೇಲೆ ನೋಡಿದರೆ, ಒಬ್ಬ ಹೆಂಗಸಿನ ಹೆಸರೂ ಇಲ್ಲ. ಗಂಡಸರಿಂದ ಗಂಡಸರು ಹುಟ್ಟಿದ ಹಾಗಿತ್ತು.

ಆಗ ಅಟ್ಟ ಹತ್ತಿದೆ. ಹಿತ್ತಾಳೆ, ತಾಮ್ರದ ಪಾತ್ರೆಗಳನ್ನೆಲ್ಲ ಇಳಿಸಿ ಬೋರಲು ಹಾಕಿದೆ. ಮದುವೆಗೆ ಕೊಡುವ ಪಾತ್ರೆಯ ಮೇಲೆ ಹೆಸರು ಹಾಕಿಸುವುದು ನಮ್ಮಲ್ಲಿ ರೂಢಿ ಅಲ್ವಾ? ಹಳೆಯವು ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳು. ತಿಕ್ಕಿ ತಿಕ್ಕಿ ಸವೆದಿರುತ್ತವೆ. ಅಕ್ಕಿಹಿಟ್ಟು ಸವರಿ, ಮೇಲೆ ಮೇಲೆ ಒರೆಸಿದರೆ ಚುಕ್ಕಿಗಳಲ್ಲಿ ಹಿಟ್ಟು ನಿಂತು ಓದಲು ಬರುತ್ತದೆ. ಹಾಗೆ ಒಂದು ತಪ್ಪಲೆಯ ಮೇಲೆ ನಾನು ಎಂದೂ ಕೇಳದ ಹೆಣ್ಣು ಹೆಸರೊಂದು ಸಿಕ್ಕಿತು. ಕೆಳಗೆ ಮುತ್ತಾತನ ಹೆಸರು. ಅದರ ಕೆಳಗೆ 'ಕಾಳಯುಕ್ತಿ ಸಂ. ಚೈತ್ರ'.

ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಕಾಳಯುಕ್ತಿ ಅಂದರೆ 1858, 1918, ಇಲ್ಲವೇ 1978. 1978ಕ್ಕೆ ಮುತ್ತಾತ ಇರಲಿಲ್ಲ, 1858ಕ್ಕೆ ಇನ್ನೂ ಹುಟ್ಟಿರಲಿಲ್ಲ. ಹಾಗಾಗಿ 1918ರ ಚೈತ್ರ. ವರ್ಷವೇನೋ ಸಿಕ್ಕಿತು. ಆದರೆ ಮಗಳ ಮದುವೆಗೆ ಕೊಟ್ಟ ಪಾತ್ರೆ ತವರಿನ ಅಟ್ಟದಲ್ಲಿ ಏನು ಮಾಡುತ್ತಿತ್ತು?

ಉತ್ತರ ಗೊತ್ತಿದ್ದರೆ ನನ್ನ ಸೋದರತ್ತೆಗೆ ಗೊತ್ತಿರಬೇಕು. 86 ವರ್ಷ, ಶಿರಾದ ಹತ್ತಿರ ಇದ್ದಾರೆ. ಹಿಂದೊಮ್ಮೆ ಫೋನ್ ಮುಂದಿಟ್ಟು, ನೋಟ್‌ಬುಕ್ ಹಿಡಿದು ಕೂತಿದ್ದೆ. "ನಂಗೇನ್ ಗೊತ್ತು ಮಗಾ" ಅಂತ ಎದ್ದುಹೋಗಿದ್ದರು. ಈ ಸಲ ಅವರೆಕಾಯಿ ಕಾಲ. ಐದು ಕೆಜಿ ಕಾಯಿ ತಗೊಂಡು ಹೋಗಿ ಜೊತೆಗೆ ಸುಲಿಯಲು ಕೂತೆ. ಯಾವ ವರ್ಷ ಅಂತ ಕೇಳಲಿಲ್ಲ. "ಕೆರೆ ಕೋಡಿ ಬಿದ್ದಿದ್ದಕ್ಕಿಂತ ಮುಂಚೆಯೋ ಆಮೇಲೋ? ನಿಮ್ಮ ಮದುವೆಗೆ ಮುಂಚೆಯೋ?" ಅಂತ ಕೇಳಿದೆ. ಕೈ ಕೆಲಸದಲ್ಲಿದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬರುತ್ತಿದ್ದ ಹೆಳವರ ಸುದ್ದಿ ಬಂತು. ಮನೆತನದ ಹಿರಿಯರ ಹೆಸರೆಲ್ಲ ಒಪ್ಪಿಸಿ ಕಾಳು ಪಡೆದು ಹೋಗುತ್ತಿದ್ದರಂತೆ. "ಅವ್ರೂ ಗಂಡುಮಕ್ಳ ಹೆಸ್ರೇ ಹೇಳ್ತಿದ್ದಿದ್ದು" ಅಂದರು ಅತ್ತೆ.

ಆಗ ಚೀಲದಿಂದ ತಪ್ಪಲೆ ತೆಗೆದು ಮುಂದಿಟ್ಟೆ. ಅತ್ತೆ ಓದಲು ಬಾರದವರು. ಅಕ್ಷರದ ಮೇಲೆ ಬೆರಳಾಡಿಸಿದರು. "ನಮ್ಮಪ್ಪನ ಅಕ್ಕಂದು ಕಣೇ ಇದು. ಮದ್ವೆ ಆದ ವರ್ಷವೇ ಜ್ವರ ಬಂತಂತೆ. ಊರೂರೇ ಮಲಗಿತ್ತಂತೆ. ಹಬ್ಬದ ಹೊತ್ಗೆ ಹೋಗ್ಬಿಟ್ಲು. ಮಕ್ಕಳಿರ್ಲಿಲ್ಲ, ಪಾತ್ರೆ ವಾಪಸ್ ಕಳಿಸಿದ್ರು."

1918ರ ಇನ್‌ಫ್ಲುಯೆಂಜಾ ನಮ್ಮ ದೇಶದಲ್ಲಿ ಅತಿ ಹೆಚ್ಚು ಜನರನ್ನು ಕೊಂದದ್ದು ಆ ವರ್ಷದ ಕೊನೆಯ ತಿಂಗಳುಗಳಲ್ಲೇ. ಹಬ್ಬ ಅಂದರೆ ಯಾವುದು ಎಂದು ಕೇಳಿದೆ. "ದೀಪಾವಳಿ" ಅಂದರು. ಚೈತ್ರದಿಂದ ದೀಪಾವಳಿಗೆ ಏಳು ತಿಂಗಳೂ ಇಲ್ಲ.

ಕಾಯಿ ಸುಲಿಯುತ್ತಲೇ ಅವರೇ ಕೇಳಿದರು: "ಅಮಾಸೆ ದಿನ ಬಳೆ, ರವಿಕೆ ಕಣ ಇಟ್ಟು ಒಂದು ಎಡೆ ಜಾಸ್ತಿ ಹಾಕ್ತೀರಲ್ಲ, ಯಾರಿಗೆ ಅನ್ಕೊಂಡಿದ್ದೆ?"

ಹೌದು. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರ ಎಡೆಗಳ ಪಕ್ಕ ಆ ಎಲೆ ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಅಮ್ಮ ಹಾಕುತ್ತಾಳೆ, ಅವಳ ಅತ್ತೆ ಹಾಕುತ್ತಿದ್ದರು ಅಂತ. ಯಾರಿಗೆ ಅಂತ ಅಮ್ಮನಿಗೂ ಗೊತ್ತಿರಲಿಲ್ಲ. ನೂರು ವರ್ಷ ದಾಟಿದ ಮೇಲೂ ಎಡೆ ತಪ್ಪಿರಲಿಲ್ಲ, ಹೆಸರು ಮಾತ್ರ ತಪ್ಪಿಹೋಗಿತ್ತು.

ಪೌತಿ ಖಾತೆ ಆಯಿತು. ವಂಶವೃಕ್ಷದಲ್ಲಿ ಅಪ್ಪನ ಜೊತೆ ಸೋದರತ್ತೆಯೂ ಇದ್ದಾರೆ, ಅಪ್ಪನ ಕೆಳಗೆ ನಾನೂ ಇದ್ದೇನೆ. ತಾತನ ಅಕ್ಕನಿಗೆ ಆ ಫಾರಂನಲ್ಲಿ ಜಾಗವಿಲ್ಲ. ನನ್ನ ಡ್ರಾಯಿಂಗ್ ಹಾಳೆಯಲ್ಲಿ ತಾತನ ಪಕ್ಕ ಬರೆದಿದ್ದೇನೆ. ತಪ್ಪಲೆಗೆ ಹುಣಸೆಹಣ್ಣು ಹಾಕಿ ತಿಕ್ಕುವುದನ್ನು ನಿಲ್ಲಿಸಿದ್ದೇವೆ. ಅಕ್ಷರ ಆಗಲೇ ಅರ್ಧ ಸವೆದಿವೆ.