ತಿರುಗಿ ದೂಡದ ಎಂಜಿನ್

ಅಫಜಲಪುರ ತಾಲೂಕಿನ ಭೀಮಾ ದಂಡೆಗೆ ನಮ್ಮ ಹೊಲ. ನೀರೆತ್ತಲು ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ ಇದೆ. ಹೋದ ಬೇಸಿಗೆಯಲ್ಲಿ ಹ್ಯಾಂಡಲ್ ಹೊಡೆದು ಹೊಡೆದು ಭುಜ ಸೋತರೂ ಅದು ಚಾಲೂ ಆಗಲಿಲ್ಲ, ಬರೀ ಬಿಳಿ ಹೊಗೆ. ಡೀಸೆಲ್ ಬದಲಿಸಿದೆ, ಪೈಪಿನ ಏರ್ ತೆಗೆದೆ, ನಾಝಲ್ ಬಿಚ್ಚಿ ನೋಡಿದೆ. ಅದು ಮಂಜಿನ ಹಾಗೆ ಸಣ್ಣಗೆ ಸಿಂಪಡಿಸುತ್ತಿತ್ತು. (ಅದಕ್ಕೆ ಕೈ ಅಡ್ಡ ಹಿಡಿಯಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.) ಅತ್ತ ಕಬ್ಬು ಬಾಡುತ್ತಿತ್ತು.

ಊರಿನ ಹಿರಿಯ ಮಿಸ್ತ್ರಿ ಕಾಕಾನನ್ನು ಕರೆತಂದೆ. ಅವರು ಪಾನಾ ಮುಟ್ಟಲೇ ಇಲ್ಲ. "ಡಿಕಂಪ್ರೆಷನ್ ಲಿವರ್ ಕೆಳಗ ಬಿಡು, ಫ್ಲೈವೀಲ್ ಕೈಲೆ ನಿಧಾನ ತಿರುಗಿಸು. ಎಲ್ಲ್ಯಾರ ತಿರುಗಿ ದೂಡತದೇನು ನೋಡು" ಅಂದರು. (ಫ್ಲೈವೀಲ್ ಅಂದರೆ ಎಂಜಿನ್ನಿನ ಪಕ್ಕದ ಭಾರದ ಚಕ್ರ. ಆ ಲಿವರ್ ಎತ್ತಿದರೆ ಒಳಗಿನ ಗಾಳಿ ಹೊರಹೋಗುತ್ತದೆ, ಕೆಳಗೆ ಬಿಟ್ಟರೆ ಒಳಗೇ ನಿಲ್ಲಬೇಕು.) ದೂಡಲಿಲ್ಲ.

"ಒಳಗ ಗಾಳಿನೇ ನಿಲ್ಲವಲ್ದು ತಮ್ಮಾ, ಬೆಂಕಿ ಎಲ್ಲಿಂದ ಬರಬೇಕು?"

ಡೀಸೆಲ್ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಪಿಸ್ಟನ್ ಇಳಿಯುತ್ತಾ ಗಾಳಿ ಎಳೆದುಕೊಳ್ಳುತ್ತದೆ, ಏರುತ್ತಾ ಅದನ್ನು ಹದಿನಾರು ಹದಿನೆಂಟು ಪಾಲಿನಲ್ಲಿ ಒಂದು ಪಾಲಿಗೆ ಅದುಮುತ್ತದೆ. ಸೈಕಲ್ ಪಂಪಿನ ತುದಿ ಬಿಸಿಯಾಗುವುದು ಗೊತ್ತಲ್ಲ, ಇಲ್ಲಿ ಗಾಳಿ 500 ಡಿಗ್ರಿ ದಾಟುತ್ತದೆ. ಆಗ ಬಿದ್ದ ಡೀಸೆಲ್ ತಾನೇ ಹೊತ್ತಿ ಪಿಸ್ಟನ್ನನ್ನು ಕೆಳಗೆ ಒದೆಯುತ್ತದೆ, ಮುಂದಿನ ಏರಿಕೆಯಲ್ಲಿ ಹೊಗೆ ಹೊರಗೆ. ಫ್ಲೈವೀಲ್ ಎರಡು ಸುತ್ತು ಸುತ್ತಿದರೆ ಒಂದೇ ಒದೆತ. ಉಳಿದ ಮೂರು ಕೆಲಸ ಫ್ಲೈವೀಲಿನ ಓಟದಲ್ಲೇ ಸಾಗಬೇಕು.

ಗಾಳಿ ಎಲ್ಲಿ ಸೋರುತ್ತಿದೆ ಎಂದು ಕಿವಿಗೊಟ್ಟೆವು. ಏರ್ ಕ್ಲೀನರಿನಲ್ಲಿ 'ಸುಸ್' ಎಂದರೆ ಒಳವಾಲ್ವು, ಆಯಿಲ್ ಹಾಕುವ ಬಾಯಲ್ಲಾದರೆ ಪಿಸ್ಟನ್ ಸುತ್ತಲಿನ ರಿಂಗು. ನಮ್ಮದು ಸೈಲೆನ್ಸರಿನಲ್ಲಿ ಸುಸ್ ಎಂದಿತು: ಹೊಗೆವಾಲ್ವು.

ಸಿಲಿಂಡರಿನ ಮೇಲಿನ ಮುಚ್ಚಳ, ಅಂದರೆ ಹೆಡ್ ಇಳಿಸಿದೆವು. ವಾಲ್ವಿನ ಅಂಚು ಒಂದು ಕಡೆ ಸುಟ್ಟು ಸಣ್ಣ ಕಚ್ಚು ಬಿದ್ದಿತ್ತು. ತಪ್ಪು ನನ್ನದೇ. ಟಕ್ ಟಕ್ ಸದ್ದು ಜಾಸ್ತಿ ಎಂದು ಟ್ಯಾಪೆಟ್ ಗ್ಯಾಪ್ (ವಾಲ್ವಿನ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಅಂತರ) ಪೂರಾ ಬಿಗಿ ಮಾಡಿದ್ದೆ. ವಾಲ್ವು ಕಾದರೆ ಉದ್ದವಾಗುತ್ತದೆ, ಗ್ಯಾಪ್ ಇರದಿದ್ದರೆ ಸೀಟಿನ ಮೇಲೆ ಪೂರ್ತಿ ಕೂಡುವುದಿಲ್ಲ. ಆ ಸಂದಿಯಲ್ಲೇ ಬೆಂಕಿ ನುಗ್ಗುತ್ತಿತ್ತು.

ಕಲಬುರಗಿಯಿಂದ ಹೊಸ ವಾಲ್ವು ತಂದು, ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಕಡಗೋಲು ತಿರುವಿದ ಹಾಗೆ ಆ ಕಡೆ ಈ ಕಡೆ ತಿರುವಿದೆ. ಸುತ್ತಲೂ ಎಲ್ಲೂ ತುಂಡಾಗದ ಬೂದುಬಣ್ಣದ ಉಂಗುರ ಮೂಡುವವರೆಗೆ ಕಾಕಾ ಬಿಡಲಿಲ್ಲ. ಪೇಸ್ಟ್ ಪೂರಾ ತೊಳೆದು, ಸ್ಪ್ರಿಂಗ್ ಕೂಡಿಸಿ, ಮೇಲೆ ಸೀಮೆಎಣ್ಣೆ ಸುರಿದು ಚಹಾ ಕುಡಿದು ಬಂದೆವು. ಒಂದು ಹನಿ ಇಳಿದಿರಲಿಲ್ಲ.

ಹೆಡ್ ಬಿಗಿದು, ಎಂಜಿನ್ ತಣ್ಣಗಿರುವಾಗಲೇ ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಇಟ್ಟು ಗ್ಯಾಪ್ ಹೊಂದಿಸಿದೆ. ಫ್ಲೈವೀಲ್ ತಿರುಗಿಸಿದರೆ ಈ ಸಲ ಅಂಗೈಗೆ ಎದುರು ದೂಡಿತು. ಎರಡನೇ ಹ್ಯಾಂಡಲಿಗೆ ಚಾಲೂ ಆಯಿತು, ಟಕ್ ಟಕ್ ಸದ್ದಿನ ಸಮೇತ.